ಅರಸು ಮನೆತನದಿಂದ ಬಂದು ಗೇಣಿದಾರರ ಪರ ನಿಂತ ದೇವರಾಜ ಅರಸು

ಮೈಸೂರು: ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮಕ್ಕೂ ಮೈಸೂರು ಅರಸೊತ್ತಿಗೆಗೂ ಇರುವ ನಂಟು ಹಳೆಯದು. ದ್ವಾರಕೆಯಿಂದ ಬಂದ ಯದುರಾಯನು ಹದಿನಾಡಿನ ಪಾಳೆಯಗಾರನ ಕುಟುಂಬವನ್ನು ಶತ್ರುವಿನಿಂದ ಪಾರು ಮಾಡಿ, ಆ ಮನೆಯ ಮಗಳನ್ನು ವರಿಸಿ 1399ರಲ್ಲಿ ರಾಜವಂಶಕ್ಕೆ ಅಡಿಪಾಯ ಹಾಕಿದನೆಂಬುದು ಐತಿಹ್ಯ. ಆ ವಂಶದೊಡನೆ ನೆಂಟಸ್ತನ ಹೊಂದಿದ್ದ ಅರಸು ಸಮುದಾಯದಲ್ಲೇ ಹುಟ್ಟಿದ ಡಿ. ದೇವರಾಜ ಅರಸು, ಮುಂದೆ ಭೂಮಿಯ ಒಡೆತನವನ್ನು ಉಳುವವನ ಕೈಗೆ ಕೊಡಿಸಿದ ಮುಖ್ಯಮಂತ್ರಿಯಾದುದು ಇತಿಹಾಸದ ಸೋಜಿಗ.

1915ರ ಆಗಸ್ಟ್ 20ರಂದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಅವರ ಜನನ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದ ಬಳಿಕ ಊರಿಗೆ ಮರಳಿ ಬೇಸಾಯಕ್ಕೆ ತೊಡಗಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಚಲೇಜಾವ್ ಚಳವಳಿಯಲ್ಲಿ ಸೆರೆವಾಸ ಕಂಡರು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆ ಪ್ರವೇಶಿಸಿದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರ ಪಕ್ಷದಲ್ಲಿ ನಿಂತ ಅರಸು, 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು.

ಅವರ ಆಡಳಿತದ ಬಹುದೊಡ್ಡ ಹೆಜ್ಜೆ ಭೂಸುಧಾರಣೆ. ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯ ಮುಂದೆ ಹಕ್ಕು ಕೇಳಬಹುದಾಯಿತು. ಬಡವನು ವಾದದಲ್ಲಿ ಸೋಲಬಾರದೆಂದು ಮಂಡಳಿಯಲ್ಲಿ ವಕೀಲರಿಗೆ ಅವಕಾಶ ನೀಡಲಿಲ್ಲ. ಒಂದು ಕುಟುಂಬದ ಹಿಡುವಳಿಗೆ ಜಮೀನಿನ ಗುಣಕ್ಕನುಗುಣವಾಗಿ 10ರಿಂದ 54 ಎಕರೆಯ ಮಿತಿ ವಿಧಿಸಲಾಯಿತು.

ಸಮಾನ ಏಳಿಗೆಯ ಚಿಂತನೆ ಆ ಕಾಲದಲ್ಲಿ ಏಷ್ಯಾದ ಅನೇಕ ನಾಡುಗಳಲ್ಲಿತ್ತು. ಚೀನಾ 1950ರ ಕಾನೂನಿನ ಮೂಲಕ ಜಮೀನ್ದಾರರ ಭೂಮಿಯನ್ನು ರೈತರಿಗೆ ಹಂಚಿತು. ಆದರೆ 1958ರ ವೇಳೆಗೆ ಅದೇ ಭೂಮಿಯನ್ನು ಸಾಮೂಹಿಕ ಕಮ್ಯೂನುಗಳಿಗೆ ಸೇರಿಸಿತು. ಅರಸು ಹಿಡಿದ ದಾರಿ ಬೇರೆ. ಶಾಸನಸಭೆ ಒಪ್ಪಿದ ಕಾನೂನು, ಭೂಮಾಲೀಕರಿಗೆ ಪರಿಹಾರ, ಉಳುವವನ ಹೆಸರಿನಲ್ಲೇ ಪಹಣಿ.

ಹಿಂದುಳಿದ ವರ್ಗಗಳ ಸ್ಥಿತಿಗತಿ ಅರಿಯಲು 1972ರಲ್ಲಿ ಎಲ್.ಜಿ. ಹಾವನೂರ ಅಧ್ಯಕ್ಷತೆಯ ಆಯೋಗ ನೇಮಕಗೊಂಡಿತು. ಅದು 1975ರಲ್ಲಿ ನೀಡಿದ ವರದಿ ಮೀಸಲಾತಿಗೆ ಹೊಸ ತಳಹದಿಯಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ತಡೆ ಬಿದ್ದದ್ದೂ ಅವರ ಸರ್ಕಾರದಲ್ಲೇ.

ಆದರೂ ಫಲ ಎಲ್ಲೆಡೆ ಒಂದೇ ಆಗಿರಲಿಲ್ಲ. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಒಕ್ಕಲುಗಳು ಒಡೆಯರಾದರು. ಬಯಲುಸೀಮೆಯಲ್ಲಿ ಗೇಣಿ ಚೀಟಿಯೇ ಇಲ್ಲದೆ ಕೂಲಿಗೆ ದುಡಿಯುತ್ತಿದ್ದ ಭೂರಹಿತರು, ಅವರಲ್ಲೂ ದಲಿತರು, ಬಹುಮಟ್ಟಿಗೆ ಕಾಯ್ದೆಯ ಹೊರಗೇ ಉಳಿದರು.

1979ರಲ್ಲಿ ಇಂದಿರಾ ಗಾಂಧಿಯವರೊಡನೆ ವಿರಸ ಬೆಳೆದು, 1980ರ ಜನವರಿಯಲ್ಲಿ ಅರಸು ಅಧಿಕಾರ ತ್ಯಜಿಸಿದರು. 1982ರ ಜೂನ್ 6ರಂದು ನಿಧನರಾದರು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ನಗರಗಳು ಹಳ್ಳಿಯ ಹೊಲಗಳತ್ತ ಚಾಚುತ್ತಿರುವ ಈ ದಿನಗಳಲ್ಲಿ, ಭೂಮಿ ಯಾರದು ಎಂದು ಅರಸು ಎತ್ತಿದ ಪ್ರಶ್ನೆ ಮತ್ತೆ ನಮ್ಮೆದುರು ನಿಂತಿದೆ.