ಬೆರಳ ತುದಿಗೆ ಅಕ್ಷರ ಕೊಟ್ಟ ಲೂಯಿ ಬ್ರೈಲ್

ಅಂಧರು ಮುಟ್ಟಿ ಓದುವ ಚುಕ್ಕಿ ಲಿಪಿಗೆ ಬ್ರೈಲ್ ಲಿಪಿ ಅಂತ ಹೆಸರಿರುವುದು ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಗೊತ್ತು. ಅದು ಒಬ್ಬ ಹಳ್ಳಿ ಹುಡುಗನ ಮನೆತನದ ಹೆಸರು ಅನ್ನೋದು ತಿಳಿದವರು ಕಡಿಮೆ.

ಫ್ರಾನ್ಸ್ ದೇಶದ ಪ್ಯಾರಿಸ್ಸಿನಿಂದ ಸುಮಾರು 40 ಕಿ.ಮೀ. ದೂರದ ಕೂವ್ರೆ ಎಂಬ ಹಳ್ಳಿಯಲ್ಲಿ 1809ರ ಜನವರಿ 4ರಂದು ಲೂಯಿ ಹುಟ್ಟಿದರು. ತಂದೆಯದು ಕುದುರೆಗಳಿಗೆ ಜೀನು, ಲಗಾಮು ಹೊಲಿಯುವ ಕಸುಬು. ಮೂರು ವರ್ಷದ ಮಗು ಅಪ್ಪನ ಅಂಗಡಿಯಲ್ಲಿ ತೊಗಲಿಗೆ ತೂತು ಹಾಕುವ ಚೂಪು ಹತಾರ (ನಮ್ಮ ಕಡೆಯ ದಬ್ಬಳ ಇದ್ದ ಹಾಗೆ) ಹಿಡಿದು ಆಡುವಾಗ ಅದು ಕಣ್ಣಿಗೆ ನಾಟಿತು. ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ತುಂಬುವಷ್ಟರಲ್ಲಿ ಎರಡೂ ಹೋದವು. ತಂದೆತಾಯಿ ಮಾತ್ರ ಮಗನನ್ನು ಮೂಲೆಗೆ ಕೂರಿಸಲಿಲ್ಲ, ಊರ ಶಾಲೆಗೆ ಕಳಿಸಿದರು. ಅಂಥ ಕಾಲದಲ್ಲಿ ಅದು ಸಣ್ಣ ಮಾತಲ್ಲ.

1819ರಲ್ಲಿ, ಹತ್ತರ ವಯಸ್ಸಿಗೆ, ಲೂಯಿ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದರು. ಅಲ್ಲಿದ್ದ ಪುಸ್ತಕಗಳಲ್ಲಿ ಮಾಮೂಲಿ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ್ದರು. ಒಂದೊಂದು ಪುಸ್ತಕವೂ ಹೊರೆಯಷ್ಟು ಭಾರ. ಒಂದೊಂದು ಅಕ್ಷರದ ಅಂಚನ್ನೂ ತಡವಿ ತಡವಿ ಓದಬೇಕು. ಬರೆಯುವುದಂತೂ ಆಗದ ಮಾತು.

ಬಾರ್ಬಿಯೆ ಎಂಬ ಸೇನಾಧಿಕಾರಿ ಕತ್ತಲಲ್ಲೂ ಓದುವಂಥ 12 ಚುಕ್ಕಿಗಳ ಬರಹವೊಂದನ್ನು ಶಾಲೆಗೆ ತಂದರು. ಚುಕ್ಕಿ ಬೆರಳಿಗೆ ಗೆರೆಗಿಂತ ಬೇಗ ತಿಳಿಯುತ್ತದೆ, ನಿಜ. ಆದರೆ 12 ಚುಕ್ಕಿ ಒಂದೇ ಸಲಕ್ಕೆ ಬೆರಳ ತುದಿಗೆ ಸಿಗಬೇಕಲ್ಲ! ಲೂಯಿ ಅದನ್ನು ಆರಕ್ಕೆ ಇಳಿಸಿದರು: ಎರಡು ಸಾಲು, ಸಾಲಿಗೆ ಮೂರು. ಈ ಆರರಲ್ಲೇ 63 ಗುರುತು ಹುಟ್ಟುತ್ತವೆ. ಲಿಪಿಗೆ ಒಂದು ರೂಪ ಬಂದಾಗ ಅವರಿಗೆ 15 ವರ್ಷ. ಇದರಲ್ಲಿ ಬರೆಯಬಹುದು, ಲೆಕ್ಕ ಮಾಡಬಹುದು, ಸಂಗೀತದ ಸ್ವರ ಕೂಡ ಗುರುತು ಹಾಕಬಹುದು. ಸ್ವತಃ ಅವರು ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದರು. 1829ರಲ್ಲಿ ಪುಸ್ತಕ ಹೊರಬಂತು. ಮುಂದೆ ಅದೇ ಶಾಲೆಯಲ್ಲಿ ಮೇಷ್ಟ್ರೂ ಆದರು.

ಇಷ್ಟಾದರೂ ಲಿಪಿಗೆ ಮಾನ್ಯತೆ ಸಿಗಲಿಲ್ಲ ನೋಡಿ. ಕಣ್ಣಿದ್ದವರಿಗೆ ಓದಲು ಬಾರದ ಬರಹ ಯಾಕೆ ಅನ್ನುವುದು ದೊಡ್ಡವರ ತಕರಾರು. 1840ರಲ್ಲಿ ಬಂದ ಹೊಸ ಮುಖ್ಯಸ್ಥರು ಅದನ್ನು ನಿಷೇಧಿಸಿಯೇಬಿಟ್ಟರು. ಮಕ್ಕಳು ಬಿಡಬೇಕಲ್ಲ! ಗುಟ್ಟಾಗಿ ಬರೆದರು, ಒಬ್ಬರಿಗೊಬ್ಬರು ಕಲಿಸಿಕೊಂಡರು. ಲಿಪಿ ಉಳಿದದ್ದು ಆ ಮಕ್ಕಳ ಹಟದಿಂದ ಅಂತಲೇ ನನ್ನ ಎಣಿಕೆ. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಸಮಾರಂಭದಲ್ಲಿ ಎಲ್ಲರೆದುರು ಅದನ್ನು ತೋರಿಸಿಕೊಟ್ಟ ಮೇಲೆ ವಿರೋಧ ಸಡಿಲವಾಯಿತು.

ಅಷ್ಟು ಹೊತ್ತಿಗೆ ಲೂಯಿಯವರನ್ನು ಕ್ಷಯ ಹಿಡಿದಿತ್ತು. 1852ರ ಜನವರಿ 6ರಂದು, 43 ತುಂಬಿ ಎರಡೇ ದಿನಕ್ಕೆ ತೀರಿಕೊಂಡರು. ಅವರ ಲಿಪಿಯನ್ನು ಶಾಲೆ ವಿಧಿಪೂರ್ವಕ ಒಪ್ಪಿದ್ದು 1854ರಲ್ಲಿ.

ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಕನ್ನಡದ 'ಕ'ಕ್ಕೂ ಲೂಯಿ ಫ್ರೆಂಚಿನ 'ಕೆ'ಗೆ ಇಟ್ಟ ಎರಡು ಚುಕ್ಕಿಗಳೇ. 2009ರಲ್ಲಿ, ಅವರು ಹುಟ್ಟಿದ 200ನೇ ವರ್ಷಕ್ಕೆ, ಭಾರತ ಸರ್ಕಾರ 2 ರೂಪಾಯಿ ನಾಣ್ಯ ಹೊರಡಿಸಿತು. ನಮ್ಮ ಸಂಘದ ಗಲ್ಲಾಪೆಟ್ಟಿಗೆಗೂ ಅದು ಬಂದು ಹೋಗಿರಬಹುದು.

ಸತ್ತ ನೂರು ವರ್ಷಕ್ಕೆ, 1952ರಲ್ಲಿ, ಫ್ರಾನ್ಸ್ ಸರ್ಕಾರ ಅವರ ಅಸ್ಥಿಯನ್ನು ಹಳ್ಳಿಯಿಂದ ತೆಗೆದು ಪ್ಯಾರಿಸ್ಸಿನಲ್ಲಿ ದೇಶದ ಮಹನೀಯರ ಸಾಲಿನಲ್ಲಿ ಇಟ್ಟಿತು. ಎರಡು ಕೈಗಳನ್ನು ಮಾತ್ರ ಊರಲ್ಲೇ ಉಳಿಸಿಕೊಂಡರು. ಕೂವ್ರೆಯ ಸ್ಮಶಾನದಲ್ಲಿ, ಒಂದು ಕರಂಡಕದಲ್ಲಿ, ಅವು ಈಗಲೂ ಇವೆ.