ಊರ ಕಾವಲು ಊರವರಿಗೇ ಬಿಟ್ಟಿದ್ದ ಮನ್ರೋ ಸಾಹೇಬರು

ಮಂತ್ರಾಲಯದ ರಾಯರ ಕಥೆಯಲ್ಲಿ ಬರೋ ಥಾಮಸ್ ಮನ್ರೋ ಹೆಸರು ಕೇಳದವರು ಈ ಕಡೆ ಕಮ್ಮಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಪೊಲೀಸ್ ಇತಿಹಾಸದಲ್ಲೂ ಇವರ ಪಾತ್ರ ದೊಡ್ಡದು.

1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಮನ್ರೋ, 1780ರಲ್ಲಿ ಕಂಪನಿ ಸೈನ್ಯ ಸೇರಿ ಮದ್ರಾಸಿಗೆ ಬಂದರು. 1800ರಲ್ಲಿ ಹೈದರಾಬಾದ್ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಪ್ರಧಾನ ಕಲೆಕ್ಟರ್ ಆದರು. ಆಗ ಸೀಮೆ ತುಂಬಾ ಪಾಳೇಗಾರರು, ಸುಮಾರು 80 ಮಂದಿ. ಮನ್ರೋ ಏಳು ವರ್ಷ ಡೇರೆ ಹಾಕಿಕೊಂಡು ಊರೂರು ತಿರುಗಿ ಅವರ ದಂಡು ಬಿಡಿಸಿದರು, ಹೊಲ ಅಳೆಸಿ ಕಂದಾಯ ಗೊತ್ತು ಮಾಡಿದರು.

ಕಂಪನಿ ಆಗ ಊರ ಕಾವಲಿಗೆ ದರೋಗಾಗಳನ್ನು ನೇಮಿಸುತ್ತಿತ್ತು. ಮನ್ರೋಗೆ ಇದು ಹಿಡಿಸಲಿಲ್ಲ. ಪರಊರ ದರೋಗಾಗೆ ಹಳ್ಳಿಯ ಒಳಹೊರಗು ತಿಳಿಯದು, ತಳವಾರನಿಗೆ ಮನೆಮನೆಯೂ ಗೊತ್ತು ಎಂಬುದು ಅವರ ವಾದ. 1814ರಲ್ಲಿ ನ್ಯಾಯ ಸುಧಾರಣೆಯ ಆಯೋಗಕ್ಕೆ ಮುಖ್ಯಸ್ಥರಾಗಿ ಮರಳಿದ ಅವರು, 1816ರ 11ನೇ ಕಾಯಿದೆಯ ಮೂಲಕ ದರೋಗಾಗಳನ್ನು ತೆಗೆಸಿ ಗೌಡ, ತಳವಾರರಿಗೆ ಕಾವಲು ಒಪ್ಪಿಸಿದರು.

ಆದರೆ ಎಡವಟ್ಟು ಅಲ್ಲೇ ಇತ್ತು. ಸಣ್ಣಪುಟ್ಟ ತಪ್ಪಿಗೆ 12 ತಾಸು ಕೂಡಿಹಾಕುವ ಅಧಿಕಾರ ಗೌಡನಿಗೆ ಸಿಕ್ಕಿತು. ಕೆಳಜಾತಿಯವರು ಎನಿಸಿಕೊಂಡವರನ್ನು ಕೋಳಕ್ಕೂ ಹಾಕಬಹುದಿತ್ತು. ಕಂದಾಯ ಎತ್ತುವವನೂ ಪೊಲೀಸೂ ಒಬ್ಬನೇ ಆದ. 1820ರಿಂದ ಮದ್ರಾಸ್ ಗವರ್ನರ್ ಆಗಿದ್ದ ಮನ್ರೋ, 1827ರ ಜುಲೈ 6ರಂದು ಕರ್ನೂಲು ಕಡೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು.

ಅದರ ಫಲ ಏನಾಯಿತೆಂಬುದು 1855ರಲ್ಲಿ ಬಯಲಾಯಿತು. ಕಂದಾಯಕ್ಕೂ ತಪ್ಪೊಪ್ಪಿಗೆಗೂ ಜನರನ್ನು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲು ಹೇರುತ್ತಿದ್ದುದನ್ನು ಮದ್ರಾಸಿನ ಚಿತ್ರಹಿಂಸೆ ತನಿಖಾ ಆಯೋಗವೇ ವರದಿ ಮಾಡಿತು. 1859ರಲ್ಲಿ ಪೊಲೀಸರನ್ನು ಕಂದಾಯದಿಂದ ಬೇರೆ ಮಾಡಿದರು. ಹಿಂಸೆ ನಿಲ್ಲಿಸಲು ಬಂದ ಈ ಖಾಕಿ ದಳ ಮಾತ್ರ ಐರ್ಲೆಂಡ್ ಮಾದರಿಯದು. ಸರ್ಕಾರಕ್ಕೆ ಉತ್ತರ ಕೊಡುತ್ತಿತ್ತೇ ಹೊರತು ಊರಿಗಲ್ಲ. 1861ರ ಕಾಯಿದೆ ಅದನ್ನೇ ದೇಶಕ್ಕೆಲ್ಲ ಹಬ್ಬಿಸಿತು.

ಸ್ವಾತಂತ್ರ್ಯ ಬಂದರೂ ಆ ಹಣೆಬರಹ ಪೂರ್ತಿ ಅಳಿಯಲಿಲ್ಲ. ಪೊಲೀಸರ ಮೇಲಿನ ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರ ಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2006ರಲ್ಲಿ. 2017ರಲ್ಲಿ ರಾಜ್ಯದಲ್ಲಿ ಬಂದ ಸುಧಾರಿತ ಬೀಟ್ ವ್ಯವಸ್ಥೆ ಒಂದೊಂದು ಓಣಿಯನ್ನೂ ಒಬ್ಬೊಬ್ಬ ಕಾನ್‌ಸ್ಟೇಬಲ್‌ಗೆ ವಹಿಸಿ, ಅಲ್ಲಿನ ಜನರನ್ನೂ ಜೊತೆಗೆ ಕರೆಯಿತು. ಊರು ಬಲ್ಲ ಕಾವಲುಗಾರ ಬೇಕೆಂಬ ಮನ್ರೋ ಮಾತು ಇನ್ನೂರು ವರ್ಷದ ಮೇಲೆ ಹೀಗೆ ಮರಳಿದೆ. ಅಂಗಡಿ ಬೀಗ ಮುರಿದ ದಿನ ಅಂಜದೆ ಠಾಣೆಯ ಮೆಟ್ಟಿಲು ಹತ್ತುವಂತಾದರೆ, ಆ ಸುಧಾರಣೆ ನಿಜವಾಗಿ ಊರಿಗೆ ಬಂದಂತೆ.