ಶಿಖರದಿಂದಿಳಿದು ಬಂದ ಶಸ್ತ್ರವೈದ್ಯ

ಕೀರ್ತಿಯನ್ನು ಗಳಿಸುವುದು ಕಷ್ಟ. ಗಳಿಸಿದ ಕೀರ್ತಿಯನ್ನು ಬದಿಗಿರಿಸಿ, ದೂರದ ಊರೊಂದರಲ್ಲಿ ಬಡವರ ನಡುವೆ ದುಡಿಯುವುದು ಅದಕ್ಕಿಂತಲೂ ಕಷ್ಟ. ಈ ಎರಡನ್ನೂ ಸಾಧಿಸಿದ ಮಹನೀಯರಲ್ಲಿ ಡಾ. ಹೋವರ್ಡ್ ಸಾಮರ್ವೆಲ್ ಒಬ್ಬರು. ಎವರೆಸ್ಟ್ ಪರ್ವತದ ಚರಿತ್ರೆಯನ್ನು ಓದಿದವರಿಗೆ ಅವರ ಹೆಸರು ಚಿರಪರಿಚಿತ. ಆದರೆ ಅವರ ಬಾಳಿನ ಬಹುಭಾಗವು ಸವೆದುದು ನಮ್ಮ ದಕ್ಷಿಣ ದೇಶದಲ್ಲಿ ಎಂಬುದನ್ನು ಬಲ್ಲವರು ವಿರಳ.

ಸಾಮರ್ವೆಲ್ಲರು 1890ರ ಏಪ್ರಿಲ್ 16ರಂದು ಇಂಗ್ಲೆಂಡಿನ ವಾಯವ್ಯ ಭಾಗದ ಕೆಂಡಲ್ ಎಂಬ ಪಟ್ಟಣದಲ್ಲಿ ಜನಿಸಿದರು. ಅವರದು ಪಾದರಕ್ಷೆಗಳ ಕಾರ್ಖಾನೆಯನ್ನು ನಡೆಸುತ್ತಿದ್ದ ಅನುಕೂಲಸ್ಥ ಮನೆತನ, ದೈವಭಕ್ತಿಯ ಕುಟುಂಬ. ಊರಿನ ಸುತ್ತಣ ಬೆಟ್ಟಗಳೂ ಸರೋವರಗಳೂ ಎಳವೆಯಲ್ಲಿಯೇ ಅವರ ಮನಸ್ಸನ್ನು ಸೆರೆಹಿಡಿದುವು. ಮನೆಯ ವ್ಯಾಪಾರವನ್ನು ಹಿಡಿಯದೆ ಅವರು ಕೇಂಬ್ರಿಜ್‌ನಲ್ಲಿಯೂ ಬಳಿಕ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ ವೈದ್ಯರಾದರು.

ಆ ಹೊತ್ತಿಗೆ ಮೊದಲನೆಯ ಮಹಾಯುದ್ಧವು ಆರಂಭವಾಗಿತ್ತು. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಬ್ರಿಟಿಷ್ ಸೈನ್ಯವೊಂದರಲ್ಲಿಯೇ ಸತ್ತವರೂ ಗಾಯಗೊಂಡವರೂ ಸೇರಿ 57 ಸಾವಿರಕ್ಕೂ ಮಿಕ್ಕಿದ್ದರು. ಆ ದಿನಗಳಲ್ಲಿ ಸಾಮರ್ವೆಲ್ಲರು ಸೈನ್ಯದ ಚಿಕಿತ್ಸಾ ಶಿಬಿರದಲ್ಲಿ ಶಸ್ತ್ರವೈದ್ಯರಾಗಿದ್ದರು. ಡೇರೆಯ ಹೊರಗೆ ಬಯಲಿನ ತುಂಬ ಮಲಗಿ ಸರದಿಗಾಗಿ ಕಾಯುತ್ತಿದ್ದ ತರುಣರ ನೋಟವು ಅವರ ಮನಸ್ಸಿನಿಂದ ಎಂದೂ ಮಾಸಲಿಲ್ಲ. ಯುದ್ಧದ ಮೇಲಣ ಜುಗುಪ್ಸೆಯೂ ಜೀವವನ್ನು ಉಳಿಸಬೇಕೆಂಬ ಹಂಬಲವೂ ಅಲ್ಲಿಯೇ ಬೇರುಬಿಟ್ಟುವು.

1922ರಲ್ಲಿ ಅವರು ಎವರೆಸ್ಟ್ ಯಾತ್ರಾತಂಡಕ್ಕೆ ಆಯ್ಕೆಯಾದರು. ಮೇ 21ರಂದು ಮ್ಯಾಲರಿ ಮತ್ತು ನಾರ್ಟನ್ ಎಂಬವರೊಡನೆ, ಆಮ್ಲಜನಕದ ನೆರವಿಲ್ಲದೆಯೇ, ಸುಮಾರು 27 ಸಾವಿರ ಅಡಿಗಳ ಎತ್ತರಕ್ಕೆ ಏರಿದರು. ಅದುವರೆಗೆ ಯಾವ ಮಾನವನೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ಆದರೆ ಜೂನ್ 7ರಂದು ಮತ್ತೊಮ್ಮೆ ಏರಲು ಹೊರಟಾಗ ಹಿಮರಾಶಿಯು ಕುಸಿದು, ಹೊರೆ ಹೊತ್ತು ಬರುತ್ತಿದ್ದ ಏಳು ಮಂದಿ ಕೂಲಿಯಾಳುಗಳು ಮಡಿದರು. ಬಿಳಿಯರಲ್ಲಿ ಒಬ್ಬರಿಗೂ ಅಪಾಯವಾಗಲಿಲ್ಲ. ತಮ್ಮ ಸಾಹಸಕ್ಕಾಗಿ ಬಡವರು ಪ್ರಾಣ ತೆತ್ತರಲ್ಲಾ, ತಮ್ಮವರಲ್ಲಿ ಒಬ್ಬನಾದರೂ ಅವರ ಜೊತೆಗೆ ಹೋಗಬಾರದಿತ್ತೇ ಎಂದು ಸಾಮರ್ವೆಲ್ಲರು ಮರುಗಿದರು.

ಆ ವರುಷವೇ ಅವರು ಹಿಂದೂಸ್ಥಾನವನ್ನು ಸುತ್ತುತ್ತ ತಿರುವಾಂಕೂರು ಸಂಸ್ಥಾನದ ನೆಯ್ಯೂರಿಗೆ ಬಂದರು. ಆ ಊರು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಅಲ್ಲಿಯ ಮಿಷನ್ ಆಸ್ಪತ್ರೆಯಲ್ಲಿ ಡಾ. ಪ್ಯೂ ಎಂಬವರು ಒಬ್ಬಂಟಿಗರಾಗಿ ಹೆಣಗುತ್ತಿದ್ದರು. ರೋಗಿಗಳ ಸಾಲಿಗೆ ಕೊನೆಯೇ ಇರಲಿಲ್ಲ. ಸಾಮರ್ವೆಲ್ಲರು ಕೆಲವು ದಿನ ಕೈಜೋಡಿಸಿ ಶಸ್ತ್ರಕ್ರಿಯೆಗಳನ್ನು ನಡೆಸಿದರು. ಲಂಡನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಅವರಿಗೆ ಉನ್ನತ ಹುದ್ದೆಯು ಕಾದಿತ್ತು. ಅದನ್ನು ತೊರೆದು 1923ರಲ್ಲಿ ನೆಯ್ಯೂರಿಗೇ ಮರಳಿದರು.

ಮರುವರುಷ, 1924ರಲ್ಲಿ, ಅಲ್ಲಿಂದಲೇ ಮತ್ತೆ ಎವರೆಸ್ಟಿಗೆ ತೆರಳಿದರು. ಆ ಮೇ ತಿಂಗಳಲ್ಲಿ ಸುಮಾರು 23 ಸಾವಿರ ಅಡಿಗಳ ಎತ್ತರದ ಶಿಬಿರದಲ್ಲಿ ನಾಲ್ವರು ಕೂಲಿಯಾಳುಗಳು ಹಿಮದಿಂದಾಗಿ ಸಿಕ್ಕಿಬಿದ್ದರು. ಶಿಖರದ ಆಸೆಯನ್ನು ಬದಿಗಿಟ್ಟು ಮ್ಯಾಲರಿ, ನಾರ್ಟನ್, ಸಾಮರ್ವೆಲ್ ಮೂವರೂ ಅವರನ್ನು ತರಲು ಹೊರಟರು. ಹಗ್ಗದ ಕೊನೆಯಲ್ಲಿ ನಿಂತವರು ಸಾಮರ್ವೆಲ್ಲರೇ. ಹಗ್ಗವು ಕೆಲವು ಗಜ ಸಾಲದಾಯಿತು, ಇಬ್ಬರು ಜಾರಿದರು. ಆಗ ಅವರು ಸೊಂಟದ ಹಗ್ಗವನ್ನು ಬಿಚ್ಚಿ, ಒಂದು ಕೈಯಲ್ಲಿ ಅದರ ತುದಿಯನ್ನು ಹಿಡಿದು, ಇನ್ನೊಂದು ಕೈಯನ್ನು ಚಾಚಿ ಅವರನ್ನು ಎಳೆದುಕೊಂಡರು. ನಾಲ್ವರೂ ಬದುಕಿದರು. ಎರಡು ವರುಷ ಹಿಂದಣ ಏಳು ಮಂದಿಯ ನೆನಪು ಆ ಕೈಗೆ ಬಲವನ್ನಿತ್ತಿರಬೇಕು.

ಜೂನ್ 4ರಂದು ನಾರ್ಟನ್ನರೊಡನೆ ಅವರು ಸುಮಾರು 28 ಸಾವಿರ ಅಡಿಗಳವರೆಗೆ ಏರಿ, ಉಸಿರು ಸಾಲದೆ ಕುಳಿತುಬಿಟ್ಟರು. ನಾರ್ಟನ್ನರು ತುಸು ಮುಂದೆ ಹೋಗಿ ಹಿಂದಿರುಗಿದರು. ಇಳಿಯುವಾಗ, ಚಳಿಗೆ ಸುಟ್ಟಂತಾಗಿದ್ದ ಸಾಮರ್ವೆಲ್ಲರ ಗಂಟಲಿನ ಒಳಪೊರೆಯು ಕಳಚಿ ಉಸಿರನ್ನೇ ಕಟ್ಟಿಹಾಕಿತು. ಮುಂದೆ ನಡೆಯುತ್ತಿದ್ದ ಗೆಳೆಯನಿಗೆ ಇದರ ಅರಿವಿಲ್ಲ, ಕೂಗಲು ದನಿಯಿಲ್ಲ. ಸಾಯಲೆಂದೇ ಕುಳಿತವರು, ಕಡೆಯ ಬಾರಿಗೆ ಎರಡೂ ಕೈಗಳಿಂದ ಎದೆಯನ್ನು ಅದುಮಿಕೊಂಡರು. ತಡೆಯು ರಕ್ತದೊಡನೆ ಹೊರಬಿತ್ತು, ಜೀವ ಉಳಿಯಿತು. ಕೆಲವೇ ದಿನಗಳಲ್ಲಿ ಅವರ ಕ್ಯಾಮರಾವನ್ನು ಎರವಲು ಪಡೆದು ಏರಿದ ಮ್ಯಾಲರಿಯವರು ಇರ್ವಿನ್ ಎಂಬ ತರುಣನೊಡನೆ ಕಣ್ಮರೆಯಾದರು. 1999ರಲ್ಲಿ ಮ್ಯಾಲರಿಯವರ ದೇಹವು ದೊರೆತಾಗ ಆ ಕ್ಯಾಮರಾ ಅದರೊಡನೆ ಇರಲಿಲ್ಲ.

1925ರಲ್ಲಿ ಅವರು ಮಾರ್ಗರೆಟ್ ಹೋಪ್ ಸಿಂಪ್ಸನ್ ಎಂಬಾಕೆಯ ಕೈಹಿಡಿದರು. ಮೂವರು ಗಂಡುಮಕ್ಕಳ ಆ ಸಂಸಾರಕ್ಕೆ ನೆಯ್ಯೂರೇ ಮನೆಯಾಯಿತು. ಆ ಸೀಮೆಯಲ್ಲಿ ಹೊಟ್ಟೆಹುಣ್ಣು ಬಹಳ. ಹುಣ್ಣಿನಿಂದ ಜಠರದ ಹೊರದಾರಿ ಮುಚ್ಚಿಹೋಗಿ ಗಂಜಿಯೂ ಇಳಿಯದವರಿಗೆ, ಜಠರವನ್ನು ಕರುಳಿಗೆ ಜೋಡಿಸಿ ಹೊಸ ದಾರಿಯನ್ನು ಮಾಡಿಕೊಡುವ ಶಸ್ತ್ರಕ್ರಿಯೆಯಲ್ಲಿ ಅವರು ಸಿದ್ಧಹಸ್ತರಾದರು. ಈ ವಿಷಯವಾಗಿ ಗ್ರಂಥವನ್ನೂ ಬರೆದರು. ಹೊತ್ತು ತಪ್ಪಿ ಉಣ್ಣುವ ನಮ್ಮ ಹೋಟೆಲು ಬಂಧುಗಳಿಗೆ ಹೊಟ್ಟೆಯುರಿಯ ಸಂಕಟವೇನೆಂದು ಬೇರೆ ಹೇಳಬೇಕಾಗಿಲ್ಲ.

ಬಿಡುವು ದೊರೆತಾಗ ಬೆಟ್ಟಗಳನ್ನು ಏರುವುದು, ಬಣ್ಣದಲ್ಲಿ ಅವುಗಳ ಚಿತ್ರವನ್ನು ಬರೆಯುವುದು ಅವರಿಗೆ ಪ್ರಿಯವಾಗಿತ್ತು. ಸಂಗೀತವನ್ನೂ ಬಲ್ಲವರಾಗಿದ್ದು, ಟಿಬೇಟಿನ ಜನಪದ ಧಾಟಿಗಳನ್ನು ಕೇಳಿ ಬರೆದಿಟ್ಟರು. 1938ರಲ್ಲಿ ಕೈಸರ್-ಇ-ಹಿಂದ್ ಪದಕವು ಅವರಿಗೆ ಸಂದಿತು. ಸ್ವಾತಂತ್ರ್ಯದ ಬಳಿಕವೂ ಅವರು ಈ ದೇಶವನ್ನು ಮರೆಯಲಿಲ್ಲ. 1949ರಿಂದ 1961ರವರೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಮ್ಮ ತರುಣ ವೈದ್ಯರಿಗೆ ಶಸ್ತ್ರಚಿಕಿತ್ಸೆಯನ್ನು ಬೋಧಿಸಿದರು.

ತರುವಾಯ ಹುಟ್ಟೂರಿಗೆ ಸಮೀಪದ ಆಂಬಲ್‌ಸೈಡ್ ಎಂಬಲ್ಲಿ, ಬಾಲ್ಯದ ಬೆಟ್ಟಗಳ ನಡುವೆ ನೆಲಸಿ, 1975ರ ಜನವರಿ 23ರಂದು 84ನೆಯ ವಯಸ್ಸಿನಲ್ಲಿ ಕೀರ್ತಿಶೇಷರಾದರು. ಎವರೆಸ್ಟಿನ ತುದಿಯನ್ನು ಅವರು ಮುಟ್ಟಲಿಲ್ಲ. ಆದರೆ ಹೊರೆ ಹೊರುವವನ ಪ್ರಾಣಕ್ಕೂ ಹೊರಿಸುವವನ ಪ್ರಾಣಕ್ಕೂ ಬೆಲೆ ಒಂದೇ ಎಂಬುದನ್ನು ಹಗ್ಗ ಬಿಚ್ಚಿ ಕೈಚಾಚಿದ ದಿನವೂ, ನೆಯ್ಯೂರಿನ ರೋಗಿಗಳ ಸಾಲಿನ ಮುಂದೆ ನಿಂತ ಅಷ್ಟು ವರುಷಗಳೂ ತೋರಿಸಿಕೊಟ್ಟರು. ಊರುಬಿಟ್ಟು ಬಂದು ದುಡಿಯುವ ನಾವು ಇಂಥವರನ್ನು ಸ್ಮರಿಸುವುದು ಉಚಿತ.